ಆಕಾಶದ ಹರಾಜು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ನಮ್ಮಲ್ಲಿ ಹಳೆಯದು. ವ್ಯಾಪಾರದ ಲೋಕದಲ್ಲಿ ಇದು ಬಹುಮಟ್ಟಿಗೆ ನಿಜವೇ. ಜವಳಿ ಅಂಗಡಿಯೊಂದು ದಿವಾಳಿ ಎದ್ದರೂ ಕಪಾಟಿನಲ್ಲಿ ಸೀರೆಗಳು ಉಳಿದಿರುತ್ತವೆ. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದರೂ ಯಂತ್ರವುಂಟು, ಗೋದಾಮುಂಟು, ಅವು ನಿಂತ ನೆಲವುಂಟು. ಸಾಲ ಕೊಟ್ಟವರು ಬಂದು ನಿಂತಾಗ ಬೆರಳು ಮಾಡಿ ತೋರಿಸಲು ಏನಾದರೊಂದು ಇದ್ದೇ ಇರುತ್ತದೆ. ಆದರೆ ವಿಮಾನ ಸಂಸ್ಥೆಯೆಂಬ ಆನೆಯ ಜಾತಿಯೇ ಬೇರೆ. ಹಾರುತ್ತಿರುವಷ್ಟು ದಿನ ಅದಕ್ಕೆ ಸಾವಿರವಲ್ಲ, ಸಾವಿರಾರು ಕೋಟಿ ಬೆಲೆ. ನಿಂತ ಮರುದಿನ ಅದರ ದಂತವನ್ನು ಹುಡುಕಿಕೊಂಡು ಹೋದವನಿಗೆ ದಂತವೂ ಸಿಗದು.

ವಿಮಾನ ಸಂಸ್ಥೆಗಳು ದಿವಾಳಿಯಾದ ಸುದ್ದಿಯನ್ನು ಪತ್ರಿಕೆಗಳ ವಾಣಿಜ್ಯದ ಪುಟದಲ್ಲಿ ಹಲವು ವರ್ಷಗಳಿಂದ ಓದುತ್ತ ಬಂದವನಿಗೆ ಒಂದು ಪ್ರಶ್ನೆ ಏಳುವುದು ಸಹಜ. ನನಗಂತೂ ಅದು ಎದ್ದಿತು. ಹರಾಜಿಗೆ ಬಂದಿರುವುದು ಏನು? ಸಂಸ್ಥೆಯ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು, ಇಲ್ಲವೆ ಅಡವಿಗೆ ಬಿದ್ದವು. ಕಂತು ತಪ್ಪಿದ ಕೂಡಲೆ ಒಡೆಯ ಬಂದು ಹಾರಿಸಿಕೊಂಡು ಹೋಗುತ್ತಾನೆ. ನಿಲ್ದಾಣಗಳು ಸರಕಾರದವು ಅಥವಾ ಇನ್ನಾರದೋ. ವಿಮಾನ ನಡೆಸುವವರು ಸಂಬಳವಿದ್ದಷ್ಟು ದಿನ ಇರುವವರು. ಹಾಗಾದರೆ ಸಂಸ್ಥೆಯದೇ ಆದ ಸೊತ್ತು ಯಾವುದು? ಇಂಥ ಊರಿನಿಂದ ಇಂಥ ಊರಿಗೆ ಹಾರಬಹುದೆಂಬ ಪರವಾನಗಿ, ಇಷ್ಟು ಹೊತ್ತಿಗೆ ಇಳಿಯಬಹುದೆಂಬ ವೇಳೆ, ಮತ್ತು ಜನರ ಬಾಯಲ್ಲಿರುವ ಹೆಸರು. ಮೂರೂ ಕಣ್ಣಿಗೆ ಕಾಣುವಂಥವಲ್ಲ. ಮೊದಲಿನೆರಡು ಸರಕಾರ ಕೊಟ್ಟದ್ದು. ಮೂರನೆಯದು ಜನ ಕೊಟ್ಟದ್ದು. ಈ ಮೂರನ್ನು ಮುಂದಿಟ್ಟು ಸವಾಲು ಕೂಗಿದ ಚರಿತ್ರೆ ವಿಚಿತ್ರವಾದದ್ದು. ಅದರಲ್ಲಿ ಅತ್ಯಂತ ದೊಡ್ಡ ಪ್ರಕರಣವೆಂದರೆ ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆಯದು.

ಪ್ಯಾನ್ ಅಮ್ ಎಂದು ಲೋಕ ಕರೆಯುತ್ತಿದ್ದ ಈ ಸಂಸ್ಥೆ ೧೯೨೭ರಲ್ಲಿ ಫ್ಲಾರಿಡದ ಕೀ ವೆಸ್ಟ್ ಎಂಬ ತುದಿಯೂರಿನಿಂದ ಕ್ಯೂಬಾದ ಹವಾನಾಕ್ಕೆ ಅಂಚೆ ಒಯ್ಯುವುದರಿಂದ ಆರಂಭವಾಯಿತು. ಅದನ್ನು ಬೆಳೆಸಿದವನು ಹ್ವಾನ್ ಟ್ರಿಪ್. ೧೯೩೫ರಲ್ಲಿ ಅದರ ನೀರ್ವಿಮಾನ ‘ಚೈನಾ ಕ್ಲಿಪರ್’ ಸಾನ್ ಫ್ರಾನ್ಸಿಸ್ಕೊದಿಂದ ಮನಿಲಾಕ್ಕೆ ಅಂಚೆ ಹೊತ್ತು ಪೆಸಿಫಿಕ್ ಸಾಗರವನ್ನು ದಾಟಿತು. ೧೯೪೭ರಲ್ಲಿ ಭೂಮಂಡಲವನ್ನು ಸುತ್ತುವ ಸೇವೆ ಆರಂಭವಾಯಿತು. ನಮ್ಮ ಕಲ್ಕತ್ತೆಯೂ ಆ ದಾರಿಯ ಒಂದು ತಂಗುದಾಣ. ೧೯೫೮ರಲ್ಲಿ ಜೆಟ್ ವಿಮಾನದಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ, ೧೯೭೦ರಲ್ಲಿ ‘ಜಂಬೊ’ ಎಂಬ ಹೆಸರಾದ ೭೪೭ ವಿಮಾನದಲ್ಲಿ ಲಂಡನ್ನಿಗೆ ಜನರನ್ನು ಒಯ್ದದ್ದು ಇದೇ ಸಂಸ್ಥೆ. ಅದರ ಮೇಲೆ ಜನಕ್ಕಿದ್ದ ನಂಬಿಕೆ ಎಷ್ಟೆಂದರೆ, ಚಂದ್ರಲೋಕಕ್ಕೆ ಪ್ರಯಾಣ ಆರಂಭವಾದಾಗ ತಮಗೊಂದು ಸೀಟು ಇರಲೆಂದು ಅದರ ಕಚೇರಿಯಲ್ಲಿ ಹೆಸರು ಬರೆಸಿದವರು ೯೩,೦೦೦ ಮಂದಿ! ೧೯೭೧ರಲ್ಲಿ ಆ ಪಟ್ಟಿಯನ್ನು ಮುಚ್ಚಬೇಕಾಯಿತು.

ಇಷ್ಟು ದೊಡ್ಡ ಸಂಸ್ಥೆಗೆ ಒಂದು ದೊಡ್ಡ ಕೊರತೆಯಿತ್ತು. ಲೋಕವನ್ನೆಲ್ಲ ಸುತ್ತುವ ಅದಕ್ಕೆ ತನ್ನ ದೇಶದೊಳಗೆ ಊರಿಂದೂರಿಗೆ ಹಾರುವ ಹಕ್ಕಿರಲಿಲ್ಲ. ಒಳನಾಡಿನ ದಾರಿಗಳನ್ನು ಸರಕಾರ ಬೇರೆ ಸಂಸ್ಥೆಗಳಿಗೆ ಹಂಚಿಕೊಟ್ಟಿತ್ತು. ಹೆಬ್ಬಾಗಿಲು ಮಾತ್ರ ಇದ್ದು ಒಳಗೆ ಕೋಣೆಗಳಿಲ್ಲದ ಮನೆಯಂತಾಗಿತ್ತು ಅದರ ಸ್ಥಿತಿ. ೧೯೭೮ರಲ್ಲಿ ಅಮೆರಿಕ ಸರಕಾರ ಈ ಕಟ್ಟುಪಾಡುಗಳನ್ನು ತೆಗೆದುಹಾಕುವ ಕಾನೂನು ಮಾಡಿತು. ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹಾರಬಹುದೆಂದಾಯಿತು. ಪ್ಯಾನ್ ಅಮ್ ಕಾಯಲಿಲ್ಲ. ನ್ಯಾಷನಲ್ ಏರ್‌ಲೈನ್ಸ್ ಎಂಬ ಒಳನಾಡಿನ ಸಂಸ್ಥೆಯನ್ನೇ ಕೊಂಡುಬಿಡಲು ಹೊರಟಿತು.

ಅಲ್ಲಿ ಅದಕ್ಕೆ ಎದುರು ಸವಾಲು ಕೂಗಿದವರು ಇಬ್ಬರು. ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಚಿಕ್ಕ ಸಂಸ್ಥೆಯ ಫ್ರಾಂಕ್ ಲೊರೆಂಜೊ ಎಂಬಾತ ಒಬ್ಬ. ಈಸ್ಟರ್ನ್ ಏರ್‌ಲೈನ್ಸ್ ಎಂಬ ದೊಡ್ಡ ಸಂಸ್ಥೆ ಇನ್ನೊಂದು. ಒಬ್ಬರಮೇಲೊಬ್ಬರು ಕೂಗುತ್ತ ಹೋದರು. ಕೊನೆಗೆ ಪಾಲೊಂದಕ್ಕೆ ೫೦ ಡಾಲರು ತೆತ್ತು ೧೯೮೦ರಲ್ಲಿ ಪ್ಯಾನ್ ಅಮ್ ಗೆದ್ದಿತು. ಸೋತ ಲೊರೆಂಜೊ ತಾನು ಮೊದಲೇ ಕೊಂಡಿಟ್ಟಿದ್ದ ಪಾಲುಗಳನ್ನು ಈ ಏರಿದ ಬೆಲೆಗೆ ಮಾರಿ ಕೋಟಿಗಟ್ಟಲೆ ಡಾಲರು ಲಾಭದೊಡನೆ ಮನೆಗೆ ಹೋದನು. ಗೆದ್ದವನಿಗೆ ಸಾಲ, ಸೋತವನಿಗೆ ಲಾಭ! ಎರಡು ಸಂಸ್ಥೆಗಳ ವಿಮಾನಗಳು ಬೇರೆ, ಸಂಬಳದ ಕ್ರಮ ಬೇರೆ, ಸಂಪ್ರದಾಯ ಬೇರೆ. ಅವು ಒಂದಾಗಲಿಲ್ಲ; ಒಂದರ ನಷ್ಟಕ್ಕೆ ಇನ್ನೊಂದರ ನಷ್ಟ ಕೂಡಿಕೊಂಡಿತು.

ಅಲ್ಲಿಂದ ಮುಂದಿನ ಹತ್ತು ವರ್ಷ ಪ್ಯಾನ್ ಅಮ್ ನಡೆಸಿದ ಬಾಳು, ಹಳೆಯ ಜಹಗೀರುದಾರನೊಬ್ಬ ಒಂದೊಂದೇ ಹೊಲ ಮಾರಿ ಹಬ್ಬ ಮಾಡಿದಂತೆ. ೧೯೮೧ರಲ್ಲಿ ನ್ಯೂಯಾರ್ಕಿನ ನಡುವೆ ತಲೆಯೆತ್ತಿ ನಿಂತಿದ್ದ ತನ್ನ ಹೆಸರಿನ ಕಟ್ಟಡವನ್ನು ೪೦ ಕೋಟಿ ಡಾಲರಿಗೆ ಮಾರಿತು. ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಹೋಟೆಲುಗಳನ್ನು ೫೦ ಕೋಟಿಗೆ ಕೊಟ್ಟಿತು. ೧೯೮೫ರಲ್ಲಿ ಪೆಸಿಫಿಕ್ ಸಾಗರದ ದಾರಿಗಳನ್ನೆಲ್ಲ, ಹದಿನೆಂಟು ವಿಮಾನಗಳ ಸಮೇತ, ೭೫ ಕೋಟಿ ಡಾಲರಿಗೆ ಯುನೈಟೆಡ್ ಸಂಸ್ಥೆಗೆ ಬರೆದುಕೊಡುವ ಕರಾರಾಯಿತು. ‘ಚೈನಾ ಕ್ಲಿಪರ್’ ತೆರೆದ ದಾರಿ ಅರ್ಧ ಶತಮಾನದ ತರುವಾಯ ಪರರದಾಯಿತು.

ಇದರ ಮೇಲೆ ದುರ್ದೈವವೂ ಸೇರಿತು. ೧೯೮೬ರ ಸೆಪ್ಟೆಂಬರ್ ೫ರಂದು ಮುಂಬಯಿಯಿಂದ ಹೊರಟಿದ್ದ ಅದರ ವಿಮಾನವನ್ನು ಕರಾಚಿಯಲ್ಲಿ ಬಂದೂಕುಧಾರಿಗಳು ಹಿಡಿದರು. ಪ್ರಯಾಣಿಕರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಗಗನಸಖಿ ನೀರಜಾ ಭಾನೋಟರ ಹೆಸರು ನಮ್ಮ ದೇಶದಲ್ಲಿ ಮನೆಮನೆಗೂ ಗೊತ್ತು. ೧೯೮೮ರ ಡಿಸೆಂಬರ್ ೨೧ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಬಾಂಬಿಗೆ ಸಿಕ್ಕಿ ಇನ್ನೊಂದು ವಿಮಾನ ಒಡೆಯಿತು; ನೆಲದ ಮೇಲಿದ್ದವರೂ ಸೇರಿ ೨೭೦ ಮಂದಿ ಸತ್ತರು. ಪ್ರಯಾಣಿಕರು ಹೆದರಿ ದೂರವಾದರು. ೧೯೯೦ರಲ್ಲಿ ಇರಾಕು ಕುವೈತಿನೊಳಗೆ ನುಗ್ಗಿದಾಗ ಎಣ್ಣೆಯ ಬೆಲೆ ನೆಗೆಯಿತು. ಲಂಡನ್ನಿನ ಹೀತ್ರೊ ದಾರಿಗಳನ್ನೂ ಯುನೈಟೆಡ್‌ಗೆ ಮಾರಲು ಪ್ಯಾನ್ ಅಮ್ ಒಪ್ಪಿತು. ಈ ಮಾರಾಟದಲ್ಲಿ ಒಂದು ತೊಡಕು ಎದುರಾಯಿತು. ಹೀತ್ರೊಗೆ ಹಾರಲು ಅಮೆರಿಕದ ಎರಡೇ ಸಂಸ್ಥೆಗಳಿಗೆ, ಪ್ಯಾನ್ ಅಮ್‌ಗೂ ಟಿಡಬ್ಲ್ಯೂಎಗೂ, ಎರಡು ಸರಕಾರಗಳ ನಡುವಿನ ೧೯೭೭ರ ಒಪ್ಪಂದದಲ್ಲಿ ಅವಕಾಶವಿತ್ತು. ಮಾರುವವನು ಒಪ್ಪಿದರೂ ಕೊಳ್ಳುವವನು ಒಪ್ಪಿದರೂ ಸಾಲದು. ಬ್ರಿಟಿಷ್ ಸರಕಾರವೂ ಒಪ್ಪಬೇಕು. ಆಕಾಶದ ಹಕ್ಕು ಎಂಬುದು ಮಾರಬಹುದಾದರೂ ತನ್ನದಲ್ಲದ ಸೊತ್ತು ಎಂಬುದು ಅಂದು ಸ್ಪಷ್ಟವಾಯಿತು.

೧೯೯೧ರ ಜನವರಿ ೮ರಂದು ಪ್ಯಾನ್ ಅಮ್ ದಿವಾಳಿಯ ಅರ್ಜಿ ಹಾಕಿತು. ಅಮೆರಿಕದ ಕಾನೂನಿನಲ್ಲಿ ದಿವಾಳಿಗೆ ಎರಡು ಬಗೆಯುಂಟು. ಒಂದರಲ್ಲಿ ಅಂಗಡಿ ಮುಚ್ಚಿ ಇದ್ದದ್ದನ್ನು ಹಂಚುವುದು. ಇನ್ನೊಂದರಲ್ಲಿ ಸಾಲಿಗರನ್ನು ಬಾಗಿಲ ಹೊರಗೆ ನಿಲ್ಲಿಸಿ, ನ್ಯಾಯಾಲಯದ ಕಣ್ಣಳತೆಯಲ್ಲಿ ವ್ಯವಹಾರ ಮುಂದುವರಿಸಿ, ಬದುಕುವ ದಾರಿ ಹುಡುಕುವುದು. ಪ್ಯಾನ್ ಅಮ್ ಹಿಡಿದದ್ದು ಎರಡನೆಯದು. ಆ ವರ್ಷದ ಬೇಸಿಗೆಯಲ್ಲಿ ಅದರ ಉಳಿದ ಸೊತ್ತಿಗಾಗಿ ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ನೀಲಿಯಸ್ ಬ್ಲ್ಯಾಕ್‌ಶಿಯರ್ ಅವರ ಮುಂದೆ ಪೈಪೋಟಿ ನಡೆಯಿತು. ಡೆಲ್ಟಾ, ಯುನೈಟೆಡ್, ಅಮೆರಿಕನ್, ಮತ್ತು ಕಾರ್ಲ್ ಐಕಾನ್ ಎಂಬ ಹಣವಂತನ ಕೈಯಲ್ಲಿದ್ದ ಟಿಡಬ್ಲ್ಯೂಎ, ಹೀಗೆ ಆಗಿನ ಅಮೆರಿಕದ ಆಕಾಶವನ್ನು ಆಳುತ್ತಿದ್ದವರೆಲ್ಲ ಕಣಕ್ಕಿಳಿದರು. ಒಬ್ಬರ ಕಣ್ಣು ಯೂರೋಪಿನ ದಾರಿಗಳ ಮೇಲೆ, ಇನ್ನೊಬ್ಬರದು ದಕ್ಷಿಣ ಅಮೆರಿಕದ ಮೇಲೆ. ಒಬ್ಬರದು ತುಂಡಿನ ಮೇಲೆ, ಇನ್ನೊಬ್ಬರದು ಇಡಿಯದರ ಮೇಲೆ.

ಇಂಥ ಸವಾಲುಗಳನ್ನು ತೂಗುವುದು ಹೇಗೆ? ನಮ್ಮ ಊರ ಹರಾಜಿನಲ್ಲಿ ಕೆಲಸ ಸುಲಭ. ಹೆಚ್ಚು ಕೂಗಿದವನಿಗೆ ಎಮ್ಮೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದರೆ ಮುಗಿಯಿತು. ಆದರೆ ಇಲ್ಲಿ ಒಬ್ಬನು ಇಷ್ಟು ನಗದು ಎನ್ನುತ್ತಾನೆ. ಇನ್ನೊಬ್ಬನು ನಗದಿನ ಜೊತೆಗೆ ಇಷ್ಟು ನೌಕರರನ್ನು ಇಟ್ಟುಕೊಳ್ಳುತ್ತೇನೆ, ಉಳಿದ ಸಂಸ್ಥೆಗೆ ಮುಂದೆ ಹಣ ಹಾಕುತ್ತೇನೆ, ಇಷ್ಟು ಸಾಲ ಹೊರುತ್ತೇನೆ ಎನ್ನುತ್ತಾನೆ. ಮೊದಲನೆಯದು ಬೆಲೆ; ಎರಡನೆಯದು ಭಾಷೆ. ಬೆಲೆಯನ್ನು ಎಣಿಸಿ ನೋಡಬಹುದು. ಭಾಷೆಗೆ ಬೆಲೆ ಕಟ್ಟುವವರು ಯಾರು? ಸಾಲಿಗರಿಗೆ ಬೆಲೆ ಪ್ರಿಯ, ಕೆಲಸಗಾರರಿಗೆ ಭಾಷೆ ಪ್ರಿಯ. ನ್ಯಾಯಾಧೀಶನಾದವನು ಇಬ್ಬರನ್ನೂ ನೋಡಬೇಕು.

ಆಗಸ್ಟ್ ತಿಂಗಳಲ್ಲಿ ಗೆದ್ದದ್ದು ಡೆಲ್ಟಾ. ೪೧ ಕೋಟಿ ೬೦ ಲಕ್ಷ ಡಾಲರಿಗೆ ಯೂರೋಪಿನ ದಾರಿಗಳಲ್ಲಿ ಹೆಚ್ಚಿನವು, ಜರ್ಮನಿಯ ಫ್ರಾಂಕ್‌ಫರ್ಟಿನ ನೆಲೆ, ಬಾಸ್ಟನ್–ನ್ಯೂಯಾರ್ಕ್–ವಾಷಿಂಗ್ಟನ್ ನಡುವಿನ ಷಟಲ್ ಸೇವೆ, ೪೫ ವಿಮಾನಗಳು ಮತ್ತು ನ್ಯೂಯಾರ್ಕಿನ ನಿಲ್ದಾಣ ಅದಕ್ಕೆ ಬಂದವು. ಇದು ಬೆಲೆಯ ಭಾಗ. ಭಾಷೆಯ ಭಾಗ ಇನ್ನೊಂದಿತ್ತು: ಉಳಿದ ಪ್ಯಾನ್ ಅಮ್ ಚಿಕ್ಕದಾಗಿ, ಮಯಾಮಿಯನ್ನು ಕೇಂದ್ರವಾಗಿಟ್ಟುಕೊಂಡು, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಿಗೆ ಹಾರುತ್ತ ಹೊಸದಾಗಿ ಬಾಳುವುದು, ಡೆಲ್ಟಾ ಅದಕ್ಕೆ ಹಣ ಒದಗಿಸಿ ನೂರಕ್ಕೆ ೪೫ ಪಾಲು ಪಡೆಯುವುದು, ೫೫ ಪಾಲು ಸಾಲಿಗರದು. ಸುಮಾರು ೬೦ ವಿಮಾನ, ೭,೫೦೦ ನೌಕರರ ಈ ಹೊಸ ಪ್ಯಾನ್ ಅಮ್‌ನ ಚಿತ್ರ ಚೆನ್ನಾಗಿಯೇ ಇತ್ತು. ಹಳೆಯ ಹೆಸರು ಉಳಿಯುತ್ತದೆ, ಸಾಲಿಗರಿಗೂ ಏನಾದರೂ ಸಿಗುತ್ತದೆ, ಕೆಲಸವೂ ಉಳಿಯುತ್ತದೆ. ನ್ಯೂಯಾರ್ಕಿನಲ್ಲಿ ಬೇರುಬಿಟ್ಟಿದ್ದ ಸಾವಿರಾರು ಮಂದಿ ಮಯಾಮಿಗೆ ಹೊರಡಲು ಗಂಟುಮೂಟೆ ಕಟ್ಟತೊಡಗಿದರು.

ಡೆಲ್ಟಾ ಕೊಂಡ ಭಾಗಗಳು ಕರಾರಿನ ಪ್ರಕಾರ ಡೆಲ್ಟಾದ ಕೈ ಸೇರಿದವು. ಸೆಪ್ಟೆಂಬರಿನಲ್ಲಿ ಷಟಲ್ ಹೋಯಿತು. ನವೆಂಬರಿನಲ್ಲಿ ಅಟ್ಲಾಂಟಿಕ್ ದಾರಿಗಳು ಹೋದವು. ಲಾಭದ ಭಾಗ ಕೈಬಿಟ್ಟ ಮೇಲೆ ಉಳಿದದ್ದು ನಷ್ಟದ ಭಾಗ. ಅಕ್ಟೋಬರ್, ನವೆಂಬರ್ ತಿಂಗಳ ವರಮಾನ ಅಂದಾಜಿಗಿಂತ ಕೆಳಗಿಳಿಯಿತು. ದಿನಕ್ಕೆ ೩೦ ಲಕ್ಷ ಡಾಲರು ಸೋರುತ್ತಿದೆಯೆಂದು ಡೆಲ್ಟಾ ಹೇಳಿತು. ಮುಂದಿನ ಒಂದು ವಾರ ಹಾರಲು ಪ್ಯಾನ್ ಅಮ್‌ಗೆ ಬೇಕಾಗಿದ್ದುದು ೨ ಕೋಟಿ ೫೦ ಲಕ್ಷ ಡಾಲರಿನ ಒಂದು ಕಂತು. ಡೆಲ್ಟಾದ ಆಡಳಿತ ಮಂಡಲಿ ಕೊಡಲಿಲ್ಲ. ಡಿಸೆಂಬರ್ ೩ರ ರಾತ್ರಿ ಸಾಲಿಗರ ಸಮಿತಿ ಟಿಡಬ್ಲ್ಯೂಎಯಿಂದ ಒಂದೂವರೆ ಕೋಟಿ ತರಲು ಕೊನೆಯ ಪ್ರಯತ್ನ ಮಾಡಿತು, ಅದೂ ಕೈಗೂಡಲಿಲ್ಲ.

ಡಿಸೆಂಬರ್ ೪, ಬುಧವಾರ. ಬೆಳಗ್ಗೆ ಒಂಬತ್ತಕ್ಕೆ ಕಚೇರಿಯ ಬಾಗಿಲು ಎಂದಿನಂತೆ ತೆರೆಯಿತು. ಒಂದು ಗಂಟೆಯೊಳಗೆ ಸಂಸ್ಥೆ ನಿಂತಿತು. ೭,೫೦೦ ಮಂದಿಗೆ ಅಂದಿಗೆ ಕೆಲಸ ತೀರಿತು. ಆ ಹೊತ್ತಿನಲ್ಲಿ ಅದರ ಒಂದು ವಿಮಾನ ಬಾರ್ಬಡೋಸ್ ದ್ವೀಪದ ಬ್ರಿಡ್ಜ್‌ಟೌನಿನಲ್ಲಿತ್ತು. ಪ್ರಯಾಣಿಕರನ್ನು ಹತ್ತಿಸಿಕೊಂಡು ಮಯಾಮಿಗೆ ಮರಳಿದ ಅದೇ ಪ್ಯಾನ್ ಅಮ್‌ನ ಕಟ್ಟಕಡೆಯ ಹಾರಾಟ. ಆ ವಿಮಾನದ ಹೆಸರು ‘ಕ್ಲಿಪರ್ ಗುಡ್‌ವಿಲ್’. ನಮ್ಮ ಪೇಟೆಯಲ್ಲಿ ಅಂಗಡಿ ಮಾರುವವನು ಸಾಮಾನಿಗೆ ಇಷ್ಟು, ಗುಡ್‌ವಿಲ್‌ಗೆ ಇಷ್ಟು ಎಂದು ಲೆಕ್ಕ ಹೇಳುವುದನ್ನು ಓದುಗರು ಕೇಳಿರಬಹುದು. ಯಾರೂ ಯೋಚಿಸಿ ಇಟ್ಟ ಹೆಸರಲ್ಲ. ಆದರೂ ಕೊನೆಗೆ ಬಂದು ಇಳಿದದ್ದು ಅದೇ.

ಐದು ದಿನಗಳ ತರುವಾಯ, ಡಿಸೆಂಬರ್ ೯ರಂದು, ಉಳಿದದ್ದರ ಹರಾಜು. ದಕ್ಷಿಣ ಅಮೆರಿಕದ ದಾರಿಗಳನ್ನು ಯುನೈಟೆಡ್ ೧೩ ಕೋಟಿ ೫೦ ಲಕ್ಷ ಡಾಲರಿಗೆ ಕೊಂಡಿತು. ಹೊಸ ಪ್ಯಾನ್ ಅಮ್ ಯಾವ ದಾರಿಗಳನ್ನು ನಂಬಿ ಬಾಳಬೇಕಾಗಿತ್ತೋ ಅವೇ ದಾರಿಗಳು ಇವು. ಅದೇ ದಿನ ಸಾಲಿಗರ ಸಮಿತಿ ಡೆಲ್ಟಾದ ಮೇಲೆ ೨೫೦ ಕೋಟಿ ಡಾಲರಿಗೂ ಮಿಕ್ಕಿ ದಾವೆ ಹೂಡಿತು. ನೌಕರರೂ ಹೂಡಿದರು. ಮೂರು ವರ್ಷ ವಿಚಾರಣೆ ನಡೆದು, ೧೯೯೪ರ ಡಿಸೆಂಬರಿನಲ್ಲಿ, ಪ್ಯಾನ್ ಅಮ್‌ನ ಸಾವಿಗೆ ಡೆಲ್ಟಾ ಹೊಣೆಯಲ್ಲವೆಂದು ತೀರ್ಪು ಬಂತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿದ್ದೀತು. ಮುಳುಗುವ ದೋಣಿಗೆ ಹಣ ಸುರಿಯುತ್ತ ಹೋಗೆಂದು ಯಾರಿಗೂ ಹೇಳಲಾಗದು. ಡೆಲ್ಟಾಕ್ಕೂ ತನ್ನದೇ ಪಾಲುದಾರರಿದ್ದರು, ತನ್ನದೇ ನೌಕರರಿದ್ದರು. ಆದರೆ ಒಂದು ಸಂಗತಿಯನ್ನು ನಾನು ಗಮನಿಸದೆ ಇರಲಾರೆ. ಬೆಲೆ ಕೊಟ್ಟು ಪಡೆಯಬೇಕಾದದ್ದು ಆಗಲೇ ಕೈ ಸೇರಿತ್ತು. ಭಾಷೆಯಾಗಿ ಉಳಿದಿದ್ದದ್ದು ಮಾತ್ರ ಬಿದ್ದುಹೋಯಿತು. ಎರಡೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡು ಗೆದ್ದಿದ್ದವು.

ಈ ಕಥೆಗೆ ಒಂದು ಉತ್ತರಕಾಂಡವುಂಟು. ಪ್ಯಾನ್ ಅಮ್‌ನ ಸೊತ್ತಿಗಾಗಿ ಅಂದು ಕಾದಾಡಿದವರೆಲ್ಲ ಮುಂದೆ ಒಬ್ಬೊಬ್ಬರಾಗಿ ಅದೇ ದಿವಾಳಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಟಿಡಬ್ಲ್ಯೂಎ ೧೯೯೨ರಲ್ಲೂ ೧೯೯೫ರಲ್ಲೂ ಹತ್ತಿ ಇಳಿದು, ೨೦೦೧ರಲ್ಲಿ ಮೂರನೆಯ ಸಲ ಹತ್ತಿದಾಗ ಅದರ ಸೊತ್ತು ಅಮೆರಿಕನ್ ಸಂಸ್ಥೆಯ ಪಾಲಾಯಿತು. ಯುನೈಟೆಡ್ ೨೦೦೨ರಲ್ಲಿ, ಡೆಲ್ಟಾ ೨೦೦೫ರಲ್ಲಿ, ಅಮೆರಿಕನ್ ೨೦೧೧ರಲ್ಲಿ. ಕೊನೆಯ ಮೂವರು ಚೇತರಿಸಿಕೊಂಡರು. ಪ್ಯಾನ್ ಅಮ್ ಎಂಬ ಹೆಸರನ್ನು ಕೊಂಡವರು ೧೯೯೬ರಲ್ಲಿ ಹೊಸ ಸಂಸ್ಥೆ ಕಟ್ಟಿ ಹಾರಿಸಿದರು. ೧೯೯೮ರಲ್ಲಿ ಅದೂ ದಿವಾಳಿಯಾಯಿತು. ಹೆಸರಿಗೆ ಜನ ಕೊಟ್ಟಿದ್ದ ನಂಬಿಕೆ ಹೆಸರಿನ ಜೊತೆಗೆ ವರ್ಗವಾಗುವಂಥದಲ್ಲವೆಂದು ಕಾಣುತ್ತದೆ.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ಹೆಸರಿನ ಬೆಲೆ ಎಂದ ಕೂಡಲೆ ಬೆಂಗಳೂರಿನವರಿಗೆ ನೆನಪಾಗಬೇಕಾದದ್ದು ಕಿಂಗ್‌ಫಿಷರ್. ೨೦೦೫ರಲ್ಲಿ ಹಾರತೊಡಗಿದ ಆ ಸಂಸ್ಥೆ, ೨೦೦೭ರಲ್ಲಿ ಕ್ಯಾಪ್ಟನ್ ಗೋಪಿನಾಥರು ಕಟ್ಟಿದ್ದ, ಬೆಂಗಳೂರಿನದೇ ಆದ ಏರ್ ಡೆಕ್ಕನ್‌ನಲ್ಲಿ ನೂರಕ್ಕೆ ೨೬ ಪಾಲನ್ನು ೫೫೦ ಕೋಟಿ ರೂಪಾಯಿಗೆ ಕೊಂಡು, ಬಳಿಕ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಪ್ಯಾನ್ ಅಮ್ ನ್ಯಾಷನಲ್ ಸಂಸ್ಥೆಯನ್ನು ಕೊಂಡ ಕಥೆಯನ್ನು ನೆನೆದರೆ ಮುಂದಿನದನ್ನು ಊಹಿಸಬಹುದು. ೨೦೧೨ರ ಅಕ್ಟೋಬರಿನಲ್ಲಿ ಅದರ ಹಾರಾಟ ನಿಂತಿತು. ಒಂದು ಕಾಲಕ್ಕೆ ೪,೦೦೦ ಕೋಟಿಗೂ ಮೇಲೆಂದು ಬೆಲೆ ಕಟ್ಟಿಸಿಕೊಂಡು ಬ್ಯಾಂಕುಗಳಲ್ಲಿ ಅಡವಿಗೆ ಬಿದ್ದಿದ್ದ ಅದರ ಹೆಸರನ್ನು ೨೦೧೬ರ ಏಪ್ರಿಲಿನಲ್ಲಿ ೩೬೬ ಕೋಟಿ ೭೦ ಲಕ್ಷದ ಕನಿಷ್ಠ ಬೆಲೆಗೆ ಹರಾಜಿಗಿಟ್ಟರು. ಒಬ್ಬನೂ ಸವಾಲು ಕೂಗಲಿಲ್ಲ. ಮುಂಬಯಿಯ ಅದರ ಕಟ್ಟಡಕ್ಕೆ ೨೦೧೬ರಲ್ಲಿ ೧೫೦ ಕೋಟಿ ಕೇಳಿದರು. ಹರಾಜಿನ ಮೇಲೆ ಹರಾಜು ಖಾಲಿಯಾಗಿ ನಡೆದು, ೨೦೨೧ರಲ್ಲಿ ಅದು ೫೨ ಕೋಟಿ ೨೫ ಲಕ್ಷಕ್ಕೆ ಹೋಯಿತು. ಎದುರು ಕೂಗುವವರಿಲ್ಲದ ಹರಾಜು ಸಾವಿನ ಮನೆಯ ಊಟದಂತೆ, ಬಡಿಸುವವರುಂಟು, ಕೂರುವವರಿಲ್ಲ.

ಜೆಟ್ ಏರ್‌ವೇಸ್‌ನ ಕಥೆ ಇನ್ನೂ ಹತ್ತಿರದ್ದು. ಪ್ಯಾನ್ ಅಮ್‌ನ ಕಥೆಗೆ ಅದು ಕನ್ನಡಿ ಹಿಡಿದಂತಿದೆ. ೧೯೯೩ರಲ್ಲಿ ಹಾರತೊಡಗಿ ದೇಶದ ಮೊದಲ ಸಾಲಿಗೆ ಬಂದ ಈ ಸಂಸ್ಥೆಯೂ ೨೦೦೭ರಲ್ಲಿ ಏರ್ ಸಹಾರಾವನ್ನು ೧,೪೫೦ ಕೋಟಿಗೆ ಕೊಂಡಿತ್ತು. ೨೦೧೯ರ ಏಪ್ರಿಲ್ ೧೭ರ ರಾತ್ರಿ ಅಮೃತಸರದಿಂದ ಮುಂಬಯಿಗೆ ಹೊರಟದ್ದೇ ಅದರ ಕೊನೆಯ ವಿಮಾನ. ನಿಲ್ಲುವ ಮುನ್ನ ಬ್ಯಾಂಕುಗಳು ಕೊಳ್ಳುವವರನ್ನು ಹುಡುಕಿ ನಾಲ್ವರ ಪಟ್ಟಿ ಮಾಡಿದ್ದವು. ಸಮಯ ಬಂದಾಗ ಅದರಲ್ಲಿ ಸವಾಲು ಹಾಕಿದ್ದು ಎತಿಹಾದ್ ಒಂದೇ. ಅದೂ ಷರತ್ತಿನ ಮೇಲೆ. ಅಷ್ಟರಲ್ಲಿ ಬಾಡಿಗೆ ವಿಮಾನಗಳನ್ನು ಒಡೆಯರು ಒಯ್ದರು. ನಿಲ್ದಾಣಗಳ ವೇಳೆಗಳನ್ನು ಸರಕಾರ ಇತರ ಸಂಸ್ಥೆಗಳಿಗೆ ಕೊಟ್ಟಿತು. ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬುದು ನ್ಯಾಯವೇ. ಆದರೆ ಸಾಲಿಗರ ದೃಷ್ಟಿಯಲ್ಲಿ ದಂತ ಹೋಗಿ ಆನೆ ಉಳಿದಂತಾಯಿತು.

೨೦೧೯ರ ಜೂನ್ ೨೦ರಂದು ಪ್ರಕರಣ ದಿವಾಳಿ ನ್ಯಾಯಮಂಡಳಿಗೆ ಬಂತು. ಮತ್ತೆ ಮತ್ತೆ ಗಡುವು ಮುಂದೆ ಹಾಕಿದರೂ ಕೊಳ್ಳುವವರು ಬರಲಿಲ್ಲ. ೨೦೨೦ರಲ್ಲಿ ಕೊನೆಗೆ ಎರಡು ಕೂಟಗಳು ಎದುರುಬದುರಾದವು. ವೈಮಾನಿಕರಿಗೆ ತರಬೇತಿ ಕೊಡುವ ಸಂಸ್ಥೆಯೊಂದು ಇಬ್ಬರು ಸಹಭಾಗಿಗಳೊಡನೆ ಸೇರಿದ ಕೂಟ ಒಂದು. ಜಾಲಾನ್–ಕಾಲ್ರಾಕ್ ಕೂಟ ಇನ್ನೊಂದು. ಆ ಅಕ್ಟೋಬರಿನಲ್ಲಿ ಸಾಲಿಗರ ಸಮಿತಿ ಎರಡನೆಯದನ್ನು ಒಪ್ಪಿತು. ಒಟ್ಟು ೧,೩೭೫ ಕೋಟಿ ತೊಡಗಿಸುತ್ತೇವೆ, ವಿಮಾನಗಳನ್ನು ಮತ್ತೆ ಹಾರಿಸುತ್ತೇವೆ ಎಂಬುದು ಅದರ ಭಾಷೆ. ೨೦೨೧ರ ಜೂನಿನಲ್ಲಿ ನ್ಯಾಯಮಂಡಳಿಯೂ ಒಪ್ಪಿತು. ೨೦೨೨ರ ಮೇ ತಿಂಗಳಲ್ಲಿ ಹಾರುವ ಪರವಾನಗಿಯೂ ಮರಳಿ ಬಂತು. ಕೆಲಸ ಹೋಗಿದ್ದ ಸಾವಿರಾರು ಮಂದಿ ಆಸೆಯಿಂದ ಎದ್ದು ಕುಳಿತರು.

ಆಮೇಲೆ ನಡೆದದ್ದು ಹಾರಾಟವಲ್ಲ, ಹೋರಾಟ. ಮೊದಲು ಹಾಕಬೇಕಾದ ೩೫೦ ಕೋಟಿಯಲ್ಲಿ ೨೦೦ ಕೋಟಿ ಬಂತು. ಉಳಿದ ೧೫೦ ಕೋಟಿಗೆ ತಾವು ಮೊದಲೇ ಕೊಟ್ಟಿದ್ದ ಬ್ಯಾಂಕ್ ಖಾತರಿಯನ್ನೇ ಜಮಾ ಮಾಡಿಕೊಳ್ಳಿರೆಂದು ಗೆದ್ದವರು ಕೇಳಿದರು. ಖಾತರಿಯೆಂಬುದು ಮಾತು ತಪ್ಪಿದರೆ ಹಿಡಿದುಕೊಳ್ಳಲು ಇಟ್ಟ ಜುಟ್ಟು. ಅದನ್ನೇ ಹಣವೆಂದು ಎಣಿಸುವುದು ಹೇಗೆ ಎಂದು ಬ್ಯಾಂಕುಗಳು ಕೇಳಿದವು. ಮೇಲ್ಮನವಿ ಮಂಡಳಿ ಗೆದ್ದವರ ಪರವಾಗಿ ಹೇಳಿತು. ೨೦೨೪ರ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿ, ಕಟ್ಟಿದ್ದ ೨೦೦ ಕೋಟಿಯನ್ನು ಮುಟ್ಟುಗೋಲು ಹಾಕಿಕೊಂಡು, ಸಂಸ್ಥೆಯನ್ನು ವಿಸರ್ಜಿಸಿ ಇದ್ದದ್ದನ್ನು ಮಾರಿರೆಂದು ಅಪ್ಪಣೆ ಮಾಡಿತು. ಮೊಕದ್ದಮೆಯೂ ಸೇರಿ ೩೩೦ ದಿನಗಳಲ್ಲಿ ಮುಗಿಯಬೇಕೆಂದು ಕಾನೂನು ಹೇಳುವ ಕೆಲಸ ಐದು ವರ್ಷ ನಾಲ್ಕು ತಿಂಗಳು ನಡೆದಿತ್ತು.

ಪ್ಯಾನ್ ಅಮ್‌ನಲ್ಲಿ ಗೆದ್ದವನ ಭಾಷೆ ಮೂರು ತಿಂಗಳಿಗೆ ಮುರಿಯಿತು. ಜೆಟ್‌ನಲ್ಲಿ ನಾಲ್ಕು ವರ್ಷ ಎಳೆಯಿತು. ಯಾವುದು ಕ್ರೂರ? ನನಗಂತೂ ಎರಡನೆಯದೇ ಹೆಚ್ಚು ಕ್ರೂರವೆಂದು ತೋರುತ್ತದೆ. ಕೆಲಸ ಹೋಯಿತೆಂದು ತಿಳಿದವನು ಬೇರೆ ದಾರಿ ನೋಡುತ್ತಾನೆ. ಇಂದು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಕಾದವನ ವಯಸ್ಸು ಕಾಯುವುದರಲ್ಲೇ ಕಳೆಯುತ್ತದೆ. ವಿಮಾನ ಸಂಸ್ಥೆಯ ಸೊತ್ತು ತರಕಾರಿಯಂಥದು, ಸಂಜೆಗೆ ಬಾಡುತ್ತದೆ. ಇಂದು ಖಾಲಿ ಹಾರಿದ ಸೀಟನ್ನು ನಾಳೆ ಮಾರಲಾಗದು. ಬಳಸದ ಪರವಾನಗಿ ಲಯವಾಗುತ್ತದೆ. ಹಾರದ ವೈಮಾನಿಕನ ಲೈಸೆನ್ಸು ಮುಗಿಯುತ್ತದೆ. ಆದ್ದರಿಂದ ಇಲ್ಲಿ ತಡವೆಂಬುದೇ ಒಂದು ತೀರ್ಪು.

ಭಾಷೆಯ ಸವಾಲುಗಳನ್ನು ಒಪ್ಪಲೇಬಾರದೆಂದು ನನ್ನ ವಾದವಲ್ಲ. ಬರೀ ಬೆಲೆಯನ್ನೇ ನೋಡಿದರೆ ಯಾವ ಸಂಸ್ಥೆಯೂ ಮತ್ತೆ ಬದುಕದು; ತುಂಡುತುಂಡಾಗಿ ಮಾರುವುದೇ ಎಂದೆಂದಿಗೂ ಲಾಭವಾಗಿ ಕಾಣುತ್ತದೆ. ಆದರೆ ಭಾಷೆಯನ್ನು ತಕ್ಕಡಿಯಲ್ಲಿ ಇಡುವುದಾದರೆ ಅದರ ತೂಕದ ಹಣವನ್ನು ಮೊದಲೇ ಮೇಜಿನ ಮೇಲೆ ಇಡಿಸಿಕೊಳ್ಳಬೇಕು. ಲಾಭದ ಭಾಗ ಕೈ ಸೇರುವ ದಿನವೇ ಹೊಣೆಯ ಭಾಗದ ಹಣವೂ ಬಂದು ಬೀಳಬೇಕು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತಿರುಳನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ೧೯೯೧ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಈ ಎಚ್ಚರ ಇದ್ದಿದ್ದರೆ ಪ್ಯಾನ್ ಅಮ್ ಬದುಕುತ್ತಿತ್ತೆಂದು ಹೇಳಲಾರೆ. ಮಯಾಮಿಗೆ ಮನೆ ಬದಲಿಸಲು ಹೊರಟವರು ಅಷ್ಟು ಬೇಗ ಹೊರಡುತ್ತಿರಲಿಲ್ಲವೆಂದು ಮಾತ್ರ ಹೇಳಬಲ್ಲೆ.

ವಿಸರ್ಜನೆಯಾದ ಸಂಸ್ಥೆಯ ಹಣ ಹಂಚುವ ಸರದಿಯನ್ನು ನಮ್ಮ ೨೦೧೬ರ ದಿವಾಳಿ ಸಂಹಿತೆ ಗೊತ್ತುಮಾಡಿದೆ. ಮೊದಲು ಈ ವ್ಯವಹಾರ ನಡೆಸಿದ ಖರ್ಚು. ಆಮೇಲೆ ಕಾರ್ಮಿಕರ ಇಪ್ಪತ್ತನಾಲ್ಕು ತಿಂಗಳ ಬಾಕಿ, ಅಡವಿಟ್ಟುಕೊಂಡು ಸಾಲ ಕೊಟ್ಟವರ ಸಮಸಮಕ್ಕೆ. ಅದರ ಕೆಳಗೆ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿಯ ಹಣ ಈ ಹಂಚಿಕೆಗೆ ಸೇರದೆ ಪ್ರತ್ಯೇಕವಾಗಿ ಅವರಿಗೇ ಸಲ್ಲಬೇಕು. ಕಾಗದದ ಮೇಲೆ ಇದು ಕೆಟ್ಟ ಸರದಿಯೇನಲ್ಲ. ಆದರೆ ಹಂಚಲು ಏನಾದರೂ ಉಳಿದಿರಬೇಕಲ್ಲ! ಎರಡು ಕೂಟಗಳು ಪೈಪೋಟಿ ನಡೆಸಿದ ೨೦೨೦ರಲ್ಲಿ ಇದ್ದದ್ದು ೨೦೨೪ರ ಕೊನೆಗೆ ಎಷ್ಟು ಉಳಿಯಿತೆಂದು ಲೆಕ್ಕ ಹಾಕುವವರು ಹಾಕಲಿ. ಆ ಸರದಿಯಲ್ಲಿ ನಿಂತವರು ಮಾತ್ರ ಸವಾಲು ಕೂಗಿದವರಲ್ಲ, ಕರಾರಿಗೆ ಸಹಿ ಹಾಕಿದವರೂ ಅಲ್ಲ. ತಿಂಗಳಿಗೊಮ್ಮೆ ಬರಬೇಕಾದ ಸಂಬಳವನ್ನು ನಂಬಿ ದುಡಿದವರು.